ಅಣ್ಣನ ತೇಗು, ಅವ್ವನ ತೀರ್ಥಹಳ್ಳಿ

ಹೋದ ತಿಂಗಳು ನನ್ನ ಮೊಮ್ಮಗಳು ಶಿವಮೊಗ್ಗಕ್ಕೆ ಹೋದವಳು ಬರುವಾಗ ಒಂದು ಗಾಜಿನ ಬಾಟಲಿ ತಂದಳು. ಊಟ ತಿಂಡಿ ಮರೆತು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವವಳು ಅವಳು. ಅದರೊಳಗಿನ ಹುಡುಗರೆಲ್ಲ ನನ್ನ ಕಣ್ಣಿಗೆ ಒಬ್ಬನೇ ಹುಡುಗನಂತೆ ಕಾಣುತ್ತಾರೆ ಎಂದು ಒಮ್ಮೆ ಹೇಳಿ ಅವಳ ಮುನಿಸು ಕಟ್ಟಿಕೊಂಡಿದ್ದೇನೆ. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಹುಳಿ, ಬೆಳ್ಳುಳ್ಳಿ, ಖಾರ ಎಲ್ಲ ಕಲೆತ ಒಂದು ವಾಸನೆ ಸಾಗರದ ನಮ್ಮ ಪುಟ್ಟ ಮನೆಯ ಮೂಲೆಮೂಲೆಗೂ ಹೊಕ್ಕಿತು. ಸೊಸೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ತೆಗೆದಳು. ಮಗ ಜಗಲಿಯಿಂದಲೇ, "ಒಳಗೆ ಇಲಿ ಗಿಲಿ ಸತ್ತಿದೆಯಾ ನೋಡ್ರೇ" ಎಂದ.

ನಾನು ಕೂತಲ್ಲಿಂದಲೇ, "ಕೋಸಿನ ಉಪ್ಪಿನಕಾಯಿ ಅಲ್ವಾ ಅದು? ದೊಡ್ಡ ಮಣ್ಣಿನ ಭರಣಿಯಲ್ಲಿ ತುಂಬಿ ಹಿತ್ತಲಲ್ಲಿ ಹುಗಿದಿಡ್ತಾರೆ, ಚಳಿಗಾಲಕ್ಕೆ ಅಂತ" ಎಂದೆ.

ಮೊಮ್ಮಗಳು ಚಮಚ ಹಿಡಿದುಕೊಂಡು ಹಾಗೇ ನಿಂತಳು. "ಅಜ್ಜೀ, ನಿಂಗೆ ಹೆಂಗೆ ಗೊತ್ತು?"

ನನಗೆ ಅಣ್ಣನಿಂದ ಗೊತ್ತು. ಮೊಬೈಲು ಹಾಗಿರಲಿ, ನಮ್ಮೂರಿಗೆ ರೇಡಿಯೋ ಬರುವುದಕ್ಕೂ ಮುಂಚೆಯೇ ಕೊರಿಯಾ ನಮ್ಮ ಮನೆಗೆ ಬಂದಿತ್ತು. ಆ ಊರು ಹೊಸನಗರ ತಾಲ್ಲೂಕಿನಲ್ಲಿ, ಶರಾವತಿಯ ಕೆಳದಂಡೆಯಲ್ಲಿತ್ತು. ಹೆಸರು ಹೇಳಿ ಪ್ರಯೋಜನವಿಲ್ಲ. ಈಗ ಆ ವಿಳಾಸಕ್ಕೆ ಹೋಗಿ ಬರುವವು ಮೀನುಗಳು ಮಾತ್ರ.

ನನಗೂ ಅಣ್ಣ ಶೇಷಪ್ಪನಿಗೂ ಬಹಳ ಅಂತರ. ನಾನು ಲಂಗ ಹಾಕಿಕೊಂಡು ಓಡಾಡುವ ಕಾಲಕ್ಕೆ ಅವನು ಮನೆಯಲ್ಲಿ ಜಗಳ ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ, ಯಾರೋ ಕರೆದರೆಂದು ಸಾಲಿನಲ್ಲಿ ನಿಂತು, ಎದೆ ಅಳೆಸಿಕೊಂಡು ಮಿಲಿಟರಿ ಸೇರಿಬಿಟ್ಟಿದ್ದ. ಬಂದೂಕು ಹಿಡಿಯುವ ಕೆಲಸವಲ್ಲ. ಆಸ್ಪತ್ರೆಯ ದಳದಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಕೊರಿಯಾದಲ್ಲಿ ಯುದ್ಧ ಹತ್ತಿದಾಗ ನಮ್ಮ ದೇಶದವರು ಅಲ್ಲಿಗೆ ವೈದ್ಯರ ದಳ ಕಳಿಸಿದರಲ್ಲ, ಅದರಲ್ಲಿ ಇವನೂ ಹೋದ. ಹೋದದ್ದು ನಮಗೆ ಗೊತ್ತಾದದ್ದೇ ಅವನು ಹಡಗು ಇಳಿದು ಬಹಳ ದಿನದ ಮೇಲೆ. ಅಷ್ಟರೊಳಗೆ ಅಪ್ಪ ತೀರಿಕೊಂಡಿದ್ದರು. ಗದ್ದೆ, ದನ, ನಾನು, ಎಲ್ಲವೂ ಅವ್ವನ ತಲೆಯ ಮೇಲೆ.

ಅಣ್ಣ ವಾಪಸು ಬಂದು ಹೊಸನಗರದ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆದ. ಜನ ಅವನನ್ನು 'ಮಿಲಿಟ್ರಿ ಶೇಷಪ್ಪ' ಎಂದರು. ವಾರಕ್ಕೊಮ್ಮೆ ಅವನು ಊರಿಗೆ ಬಂದರೆ ಸಾಕು, ನಮ್ಮ ಜಗಲಿ ತುಂಬುತ್ತಿತ್ತು. ಅವರಿಗೆಲ್ಲ ಬೇಕಾದದ್ದು ಬಾಂಬು, ವಿಮಾನ, ರಕ್ತ. ಅಣ್ಣ ಅವೆಲ್ಲದರ ಸುದ್ದಿಗೇ ಹೋಗುತ್ತಿರಲಿಲ್ಲ. ಅವನ ಹತ್ತಿರ ಇದ್ದದ್ದು ಒಂದೇ ಕತೆ. ಅದರಲ್ಲಿ ಒಂದು ಗುಂಡೂ ಹಾರುತ್ತಿರಲಿಲ್ಲ. "ಆವತ್ತು ನಂಗೆ ರಜ" ಎಂದು ಅದು ಶುರುವಾಗುತ್ತಿತ್ತು.

"ಯಾವ ಊರು ಮಾರಾಯ?" ಎಂದು ಯಾರೋ ಕೇಳಿದರು ಮೊದಲ ಸಲ.

"ತೇಗು."

ಜಗಲಿ ಬಿದ್ದೂ ಬಿದ್ದೂ ನಕ್ಕಿತು. ಅವ್ವ ಒಳಗಿನಿಂದ, "ಊಟಕ್ಕೆ ಮುಂಚೆಯೇ ತೇಗು ಬಂತಾ ನಿನಗೆ?" ಎಂದರು. ಈಗ ನನ್ನ ಮೊಮ್ಮಗಳು "ತೇಗು ಅಲ್ಲ ಅಜ್ಜಿ, ಡೇಗು ಅನ್ಬೇಕು" ಎಂದು ತಿದ್ದುತ್ತಾಳೆ. ಇರಬಹುದು. ಅಣ್ಣ ತೇಗಿ ಬಂದದ್ದು ಮಾತ್ರ ತೇಗೇ.

ಆ ಊರು ಶಿವಮೊಗ್ಗದಂಥವನ್ನು ಎಷ್ಟೋ ನುಂಗುವಷ್ಟು ದೊಡ್ಡದಂತೆ. ಯುದ್ಧ ಅದರ ಹೊಸ್ತಿಲವರೆಗೆ ಬಂದು ತಿರುಗಿಹೋಗಿತ್ತಂತೆ. ಹಾಗಾಗಿ ದೇಶದಲ್ಲಿ ಮನೆ ಕಳೆದುಕೊಂಡವರೆಲ್ಲ ಅಲ್ಲಿಗೇ ಬಂದು ತುಂಬಿಕೊಂಡಿದ್ದರು. ಅಣ್ಣನ ಜೊತೆ ಸುತ್ತಲು ಹೊರಡಬೇಕಾಗಿದ್ದ ಗೆಳೆಯನಿಗೆ ಜ್ವರ ಬಂತು. ಇವನು ಒಬ್ಬನೇ ಹೊರಟ. ಭಾಷೆ ಬರದು, ದಾರಿ ತಿಳಿಯದು. "ಕಾಲು ಎತ್ತ ಹೋಗ್ತದೋ ಅತ್ತ ಹೋಗಿದ್ದು" ಎನ್ನುತ್ತಿದ್ದ.

ಕಾರ್ತಿಕ ಮಾಸದಂಥ ಹವೆ. ರಸ್ತೆಯಲ್ಲಿ ಮಿಲಿಟರಿ ಲಾರಿಗಳ ನಡುವೆಯೇ ಒಂಟಿ ಎತ್ತಿನ ಗಾಡಿಗಳು. ಗಾಡಿಗೆ ಎತ್ತು ಒಂದೇ ಎಂಬುದನ್ನು ನಮ್ಮೂರಿನವರು ಯಾರೂ ನಂಬಲಿಲ್ಲ. ಅಡಿ ಮುಟ್ಟುವ ಬಿಳಿ ಬಟ್ಟೆಯ ಮುದುಕರು, ಅವರ ತಲೆಯ ಮೇಲೆ ಕಪ್ಪು ಟೋಪಿ. ಸೊಳ್ಳೆಪರದೆಯಲ್ಲಿ ಹೊಲಿದ ಹಾಗೆ, ಒಳಗಿನ ಜುಟ್ಟು ಕಾಣುವಂಥದ್ದು. ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು ಅದರ ಮೇಲೆ ಇಡೀ ಬೀರು ಹೊತ್ತು ನಡೆಯುವವನೊಬ್ಬ. ಮಂಡಿಯಲ್ಲಿ ಅಡಿಕೆ ರಾಶಿ ಹಾಕಿದಂತೆ ರಸ್ತೆ ಪಕ್ಕದಲ್ಲಿ ಸೇಬಿನ ರಾಶಿ. ಹುಲ್ಲಿನ ಮಾಡುಗಳ ಮೇಲೆ ಒಣಹಾಕಿದ ಮೆಣಸಿನಕಾಯಿ.

"ಮೆಣಸಿನಕಾಯಿ ನೋಡಿದ್ದೇ ನಂಗೆ ಊರು ನೆನಪಾತು" ಎನ್ನುತ್ತಿದ್ದ ಅಣ್ಣ.

"ಊರು ನೆನಪಾಯ್ತಾ, ಅವ್ವ ನೆನಪಾದ್ಲಾ?" ಎನ್ನುತ್ತಿದ್ದರು ಅವ್ವ.

ಅಲ್ಲಿಂದ ಅವನು ಔಷಧಿಯ ಬೀದಿಗೆ ಹೋಗುತ್ತಿದ್ದ. ಆ ಬೀದಿ ತುಂಬ ನಾರುಬೇರಿನ ಅಂಗಡಿಗಳು. ಮಾಡಿನಿಂದ ಬೇರಿನ ಕಟ್ಟುಗಳು ಜೋತುಬಿದ್ದಿದ್ದವಂತೆ. ಒಂದು ಅಂಗಡಿಯ ಮುದುಕ ಇವನನ್ನು ಕೈಹಿಡಿದು ಒಳಗೆ ಕರೆದ. ಇವನು ಒಂದು ಬೇರು ಮೂಸಿ "ಶುಂಠಿ" ಎಂದ. ಮುದುಕ ತನ್ನ ಭಾಷೆಯಲ್ಲಿ ಅದರ ಹೆಸರು ಹೇಳಿದ. ಇನ್ನೊಂದನ್ನು ಕಚ್ಚಿ "ಜೇಷ್ಠಮಧು" ಎಂದ. ಮುದುಕ ಅದನ್ನೂ ಹೇಳಿದ. ಹೀಗೇ ಬಹಳ ಹೊತ್ತು ಇಬ್ಬರೂ ಬೇರು ಅಗಿಯುತ್ತ ಮಾತಾಡಿದರು. ಅಲ್ಲಿಂದ ಎದ್ದು ಕ್ಷೌರದ ಅಂಗಡಿಗೆ ಹೋದರೆ, ಇವನ ಗುಂಗುರು ಕೂದಲು ನೋಡಿ ಕ್ಷೌರಿಕ ಅಕ್ಕಪಕ್ಕದವರನ್ನೆಲ್ಲ ಕರೆದ. ಕೂದಲು ಕತ್ತರಿಸುವುದನ್ನು ಬೀದಿಯೇ ನಿಂತು ನೋಡಿತು. ಈ ಭಾಗಕ್ಕೆ ಬಂದಾಗ ಅಣ್ಣ ಎದ್ದು ನಿಂತು, ಕ್ಷೌರಿಕ ತನ್ನ ಸುತ್ತ ಪ್ರದಕ್ಷಿಣೆ ಬಂದದ್ದನ್ನು ಮಾಡಿ ತೋರಿಸುತ್ತಿದ್ದ. ಆಮೇಲೆ ದಾರಿ ತಪ್ಪಿದ್ದು, ಸಂಜೆಗೆ ಯಾವುದೋ ಲಾರಿ ಹತ್ತಿ ಕ್ಯಾಂಪು ಸೇರಿದ್ದು. ಅಲ್ಲಿಗೆ ಕತೆ ಮುಗಿಯುತ್ತಿತ್ತು.

ಇದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅಣ್ಣ ಕೆಮ್ಮಲು ನಿಲ್ಲಿಸಿದರೆ ಮುಂದಿನದನ್ನು ನಾನೇ ಹೇಳಿಬಿಡುತ್ತಿದ್ದೆ.

ಅಷ್ಟರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ನೀರು ಎಲ್ಲಿವರೆಗೆ ನಿಲ್ಲುತ್ತದೆಂದು ಅಳತೆಯವರು ಬಂದು ಅಲ್ಲಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದರು. ನಮ್ಮ ಪಾಲಿನ ಕಲ್ಲು ಮನೆಯ ಹಿಂದೆ ಗೋಡೆಯಂತೆ ಎದ್ದ ದರೆಯ ಮೇಲೆ, ಮಾಡಿಗಿಂತ ಎತ್ತರದಲ್ಲಿತ್ತು. ನಾನು ಅಂಗಳದಲ್ಲಿ ನಿಂತು ಕತ್ತೆತ್ತಿ ಅದನ್ನು ನೋಡುತ್ತಿದ್ದೆ. ನಮ್ಮ ತಲೆಯ ಮೇಲೆ ಅಷ್ಟು ನೀರು ನಿಲ್ಲುತ್ತದೆ ಎಂಬುದು ಬುದ್ಧಿಗೆ ಹತ್ತುತ್ತಿತ್ತು, ಮನಸ್ಸಿಗೆ ಹತ್ತುತ್ತಿರಲಿಲ್ಲ. ನಮಗೆ ಬದಲಿ ಜಮೀನು ತೀರ್ಥಹಳ್ಳಿ ಕಡೆ ಕೊಡುತ್ತಾರೆಂದಾಯಿತು. ಒಪ್ಪಿಗೆ ಹೇಳಬೇಕಾದವರು ಅವ್ವ. ಅವ್ವ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಅಕ್ಕಪಕ್ಕದ ಮನೆಗಳವರು ಗಂಟು ಕಟ್ಟುತ್ತಿದ್ದರೆ ಅವ್ವ ಭತ್ತದ ಸಸಿಗೆಂದು ಅಗೆ ಹಾಕುವುದಕ್ಕೆ ಮಡಿ ಹದಮಾಡುತ್ತಿದ್ದರು. ತಡಮಾಡಿದರೆ ಒಳ್ಳೆಯ ಜಾಗವೆಲ್ಲ ಬೇರೆಯವರ ಪಾಲಾಗುತ್ತದೆಂದು ಅಣ್ಣನಿಗೆ ದಿಗಿಲು.

ಒಂದು ಸಂಜೆ ಅವನು ಬಂದು ಅವ್ವನ ಎದುರು ಕೂತ. ನಾನು ಹುರುಳಿ ಆರಿಸುತ್ತಿದ್ದೆ.

"ಅವ್ವ, ತೇಗಿನಲ್ಲಿ ದಾರಿ ತಪ್ಪಿತು ಅಂತಿದ್ನಲ್ಲ" ಎಂದ.

"ಅದೊಂದು ರಾಮಾಯಣ ಎಷ್ಟು ಸಲ ಹೇಳ್ತೀಯ?"

"ಇದು ಹೇಳಿಲ್ಲ. ಕೇಳು."

ದಾರಿ ತಪ್ಪಿ ಅವನು ಊರ ನಡುವಿನ ಹೊಳೆಯ ದಂಡೆಗೆ ಬಂದಿದ್ದ. ದಂಡೆ ಉದ್ದಕ್ಕೂ ಗುಡಿಸಲುಗಳು. ರಟ್ಟಿನ ಪೆಟ್ಟಿಗೆ, ಬಡಿದು ಚಪ್ಪಟೆ ಮಾಡಿದ ಡಬ್ಬಿ, ಹರಕು ಡೇರೆ, ಏನು ಸಿಕ್ಕಿತೋ ಅದರಲ್ಲಿ ಕಟ್ಟಿದ್ದು. ಒಂದು ಗುಡಿಸಲಿನ ಎದುರು ಮುದುಕಿಯೊಬ್ಬಳು ಮೂರು ಕಲ್ಲು ಹೂಡಿ ಏನೋ ಬೇಯಿಸುತ್ತಿದ್ದಳು. ಇವನನ್ನು ನೋಡಿ ಎದ್ದು ಬಂದು, ಇವನ ಕೈ ಹಿಡಿದು ಬೆರಳಲ್ಲಿ ಉಜ್ಜಿದಳು. ಬಣ್ಣ ಬಿಡುತ್ತದೋ ಎಂದು ನೋಡಿದ್ದು. ಬಿಡಲಿಲ್ಲ. ಇಬ್ಬರೂ ನಕ್ಕರು. ಕೂರಿಸಿ ಒಂದು ಬಟ್ಟಲು ಗಂಜಿಯಂಥದ್ದು ಕೊಟ್ಟು, ಪಕ್ಕಕ್ಕೆ ಆ ಕೋಸಿನ ಉಪ್ಪಿನಕಾಯಿ ಹಾಕಿದಳು. ಖಾರಕ್ಕೆ ಇವನ ಕಣ್ಣಲ್ಲಿ ನೀರು. ಅವಳು ಸೆರಗಿನಂಥ ಬಟ್ಟೆಯಿಂದ ಒರೆಸಿದಳು. ಆಮೇಲೆ ಉತ್ತರದ ಕಡೆ ಕೈ ತೋರಿಸಿ, ಗಾಳಿಯಲ್ಲಿ ಒಂದು ಮನೆ ಬರೆದಳು. ಕೈ ನೆಲದಿಂದ ಮೇಲೆತ್ತಿ ದೊಡ್ಡವರು, ಸಣ್ಣವರು ಎಂದು ತೋರಿಸಿದಳು. ತೋರಿಸಿದವರ ಲೆಕ್ಕಕ್ಕೆ ಬೆರಳು ಬಿಚ್ಚಿ, ಒಂದೊಂದಾಗಿ ಮಡಚಿದಳು. ಕೊನೆಗೆ ತನ್ನ ಎದೆ ಮುಟ್ಟಿಕೊಂಡಳು.

"ಎಲ್ಲ ಹೋದ್ರೂ ಅವಳು ಗುಡಿಸಲ ಮುಂದೆ ಪೆಟ್ಟಿಗೇಲಿ ಮಣ್ಣು ತುಂಬಿ ಮೆಣಸಿನ ಗಿಡ ಹಾಕಿದ್ಲು ಅವ್ವ" ಎಂದ ಅಣ್ಣ. "ಬೀಜಕ್ಕೆ ಅಂತ ಕಾಯಿ ಬಿಟ್ಟಿದ್ಲು. ಮನುಷ್ಯರು ಎಲ್ಲಿ ಬೇಕಾದ್ರೂ ಬೇರು ಬಿಡ್ತಾರೆ."

"ಪೆಟ್ಟಿಗೆ ಮಣ್ಣು ಎಂತ ಬಣ್ಣ ಇತ್ತು?" ಎಂದರು ಅವ್ವ.

"ಅದು ನಾ ನೋಡ್ಲಿಲ್ಲ."

"ಹೊಳೆ ನೀರು ಕುಡಿಯೋ ಹಾಗಿತ್ತಾ?"

"ಗೊತ್ತಿಲ್ಲ."

"ಮತ್ತೆ ದಿನ ಪೂರ್ತಿ ಎಂತ ನೋಡಿದ್ದು ನೀನು?" ಅವ್ವ ಎದ್ದು ನಿಂತರು. "ಅವಳ ಊರಿಗೆ ಬಾಂಬು ಬಿತ್ತು ಶೇಷ. ಓಡಿ ಬಂದ್ಲು. ನಮಗೆ ಯಾರು ಬಾಂಬು ಹಾಕಿದ್ರು? ಎಲ್ಲಿಗೆ ಅಂತ ನೋಡ್ದೆ ಗುಡ್ದೆ ಎದ್ದು ಹೋಗಕ್ಕೆ ನಾನೇನು ಓಡ್ತಾ ಇದೀನಾ?"

ಅಣ್ಣ ನನ್ನ ಮೊರಕ್ಕೆ ಕೈ ಹಾಕಿ ಹುರುಳಿ ಆರಿಸತೊಡಗಿದ. ಅವನು ಹುರುಳಿ ಆರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅವ್ವ ಮನೆಯಲ್ಲಿ ಇರಲಿಲ್ಲ.

ಕೊಟ್ಟಿಗೆಯಲ್ಲಿ ಹಾಲು ಕರೆದಿಟ್ಟಿತ್ತು. ಒಲೆ ಹೊತ್ತಿಸಿತ್ತು. ಗದ್ದೆಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ, ನೆರೆಮನೆಯಲ್ಲಿ ಇಲ್ಲ. ನಾನು ಬಾವಿಗೆ ಬಗ್ಗಿ ನೋಡಿದೆ. ಅಣ್ಣ ಹೊಳೆಗೆ ಓಡಿದ. ಹಿಂದಿನ ವಾರವಷ್ಟೇ ಮೇಲಿನೂರಿನ ಮುದುಕನೊಬ್ಬ ತನ್ನ ಗದ್ದೆ ಬಿಡಲಾರೆನೆಂದು ಮಡುವಿಗೆ ಹಾರಿದ್ದ. ಆ ಸುದ್ದಿ ನಮ್ಮಿಬ್ಬರ ತಲೆಯಲ್ಲೂ ಇತ್ತು. ನಾನು ಹೋಗಿ ನೋಡಿದಾಗ ಅಣ್ಣ ಸೊಂಟದವರೆಗೆ ನೀರಿನಲ್ಲಿ ನಿಂತು ಕೋಲಿನಿಂದ ಮಡುವಿನ ಅಂಚು ತಡಕುತ್ತಿದ್ದ. ಎಷ್ಟು ಹೆಣ ಹೊತ್ತವನೋ ಅವನು. ಆವತ್ತು ಕೋಲಿಗೆ ಒಂದು ಬಳ್ಳಿ ತೊಡರಿದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಸೊಪ್ಪು ತರಲು ಹೋಗಿದ್ದ ನೆರೆಮನೆಯ ಗಂಗಕ್ಕ ಬಂದರು. "ಎಂತಕ್ಕೆ ಹೊಳೆ ಕಲಕ್ತಿದೀರಿ? ನಿಮ್ಮವ್ವ ಬೆಳಿಗ್ಗೆ ಕೊಡೆ ಹಿಡ್ಕಂಡು ಬಸ್ಸಿನ ರಸ್ತೆಗೆ ಹೋಗ್ತಿದ್ರು. ಎಲ್ಲಿಗೆ ಅಂದ್ರೆ, ಬತ್ತೀನಿ ಅಂದ್ರು."

ಅವ್ವ ಒಬ್ಬರೇ ಬಸ್ಸು ಹತ್ತಿದವರಲ್ಲ. ಹೊಸನಗರಕ್ಕೆ ಹೋಗಬೇಕಾದರೂ ಜೊತೆಗೆ ಯಾರಾದರೂ ಬೇಕು, ಇಲ್ಲದಿದ್ದರೆ ವಾಂತಿ ಬರುತ್ತದೆ ಎನ್ನುತ್ತಿದ್ದವರು. ನಾವು ರಸ್ತೆಯ ಬದಿಯ ಮಾವಿನ ಮರದ ಬುಡದಲ್ಲಿ ಹೋಗಿ ಕೂತೆವು. ಅಣ್ಣನ ಪಂಚೆ ಮೈಮೇಲೇ ಒಣಗಿತು.

ಹೊತ್ತು ಇಳಿಯುವಾಗ ಬಸ್ಸು ಬಂತು. ಅವ್ವ ಕೊಡೆ ಊರಿಕೊಂಡು ಇಳಿದರು. ಪಾದದ ತುಂಬ ಧೂಳು, ಮುಖ ಬಿಸಿಲಿಗೆ ಕೆಂಪಗಾಗಿದೆ, ಸೆರಗಿನ ತುದಿಯಲ್ಲಿ ಏನೋ ಗಂಟು. ಅಣ್ಣನನ್ನು ನೋಡಿದವರೇ, "ಇದೆಂತ, ಕೊಟ್ಟಿಗೆಲಿ ದನಕ್ಕೆ ನೀರು ತೋರ್ಸಿದ್ರಾ?" ಎಂದರು.

ಅಣ್ಣನಿಗೆ ಸಿಟ್ಟು ಬಂತು. "ಹೇಳ್ದೆ ಕೇಳ್ದೆ ಎಲ್ಲಿಗೆ ಹೋಗಿದ್ದೆ ಅವ್ವ?"

"ನೋಡಕ್ಕೆ. ನೀ ಹೋಗಿರಲಿಲ್ವಾ?"

ಮನೆಗೆ ನಡೆಯುತ್ತ ಅವ್ವ ಹೇಳಿದರು. ತೀರ್ಥಹಳ್ಳಿಗಿಂತ ಮುಂಚೆಯೇ ಬಸ್ಸು ಇಳಿದು, ಕಂಡಕಂಡವರನ್ನು ಕೇಳಿ, ನಮಗೆ ಕೊಡುವ ಜಾಗಕ್ಕೆ ಹೋಗಿದ್ದರು. ಬಾವಿಕಟ್ಟೆಯಲ್ಲಿ ಸಿಕ್ಕಿದ ಗೌಡರ ಮನೆಯ ಹೆಂಗಸು ನೀರು ಕೊಟ್ಟು, "ನೀವು ಮುಳುಗಡೆಯೋರಾ?" ಎಂದು ಕೇಳಿ, ಅವ್ವ ಹೌದೆಂದ ಮೇಲೆ ಬೇರೇನೂ ಕೇಳದೆ ಜೊತೆಗೇ ನಡೆದು ಜಾಗ ತೋರಿಸಿದ್ದಳು. ಅವ್ವ ಅಲ್ಲಿ ಕೂತು ಮಣ್ಣು ಕೆದಕಿದರು, ಮೂಸಿದರು, ತೊರೆಯ ನೀರು ಕುಡಿದರು. ಕಾಡು ಕಡಿದು ಬಿಟ್ಟ ಜಾಗ. ನಮ್ಮ ಮಣ್ಣಿನಷ್ಟು ಕಪ್ಪಲ್ಲ.

"ಗದ್ದೆಗೆ ಸಾಲದು. ಮೇಲಿನ ಕಡೆ ಮೆಣಸಿನ ಗಿಡಕ್ಕೆ ಆಗ್ತದೆ. ತೊರೆ ಬೇಸಿಗೇಲೂ ಬತ್ತಲ್ವಂತೆ" ಎಂದರು.

"ಅಲ್ಲಿಂದ ಬಂದುಬಿಡೋದಲ್ವಾ?" ಎಂದ ಅಣ್ಣ.

"ಬಸ್ಸು ಮಧ್ಯಾಹ್ನದ ಮೇಲಂತೆ. ಸುಮ್ನೆ ಕೂತು ಎಂತ ಮಾಡೋದು? ತೀರ್ಥಹಳ್ಳಿಗೆ ಹೋದೆ."

ಆಮೇಲೆ ಶುರುವಾಯಿತು ನೋಡಿ ಅವ್ವನ ತೀರ್ಥಹಳ್ಳಿ. ತುಂಗೆಯ ಮೇಲಿನ ಸೇತುವೆಯನ್ನು ಅವ್ವ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಿದ್ದರು, ಯಾವ ಕೆಲಸವೂ ಇಲ್ಲದೆ. ಹೊಳೆಯ ಬಂಡೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದರು. ಅಡಿಕೆ ಮಂಡಿಯ ಬಾಗಿಲಲ್ಲಿ ನಿಂತು, ಜನ ಟವಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೋಡಿ ನಕ್ಕಿದ್ದರು. ಕಚೇರಿಯ ಹತ್ತಿರ ಯಾರೋ ಕರಿಕೋಟಿನವರು "ಯಾರು ಬೇಕಮ್ಮ?" ಎಂದರೆ "ಯಾರೂ ಬೇಡ" ಎಂದಿದ್ದರು. ಇದೆಲ್ಲಕ್ಕಿಂತ ದೊಡ್ಡ ಸಂಗತಿ, ಅವ್ವ ಹೋಟೆಲಿಗೆ ಹೋಗಿದ್ದರು! ಗಂಡ ಸತ್ತ ಹೆಂಗಸು, ಒಬ್ಬಳೇ, ಬೆಂಚಿನ ಮೇಲೆ ಕೂತು ಕಾಫಿ ಕುಡಿದದ್ದು.

"ಹೋಟ್ಲಲ್ಲಿ ಯಾರೂ ಎಂತೂ ಅನ್ಲಿಲ್ವಾ?" ಎಂದು ಕೇಳಿದೆ.

"ಎಲ್ಲ ನೋಡಿದ್ರು. ನಾನೂ ಅವರನ್ನ ನೋಡಿದೆ."

ಮನೆ ಹತ್ತಿರ ಬಂದಿತ್ತು. ಅವ್ವ ಅಂಗಳದಲ್ಲಿ ನಿಂತು ಸೆರಗಿನ ಗಂಟು ಬಿಚ್ಚಿ, ತಂದಿದ್ದ ಮಣ್ಣನ್ನು ನಮ್ಮ ಅಗೆ ಮಡಿಯ ಪಕ್ಕ ಸುರಿದು, ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. "ನಮ್ಮದೇ ಚಲೋ" ಎಂದರು. ಕೈ ಕೊಡವಿಕೊಂಡು, "ಆದ್ರೂ ಹೋಗಣ. ಅಲ್ಲಿನ ಜನ ಮುಖ ನೋಡಿ ಮಾತಾಡ್ತಾರೆ" ಎಂದರು.

ಆ ಬೇಸಿಗೆಯಲ್ಲೇ ನಾವು ಹೊರಟೆವು. ಲಾರಿಗೆ ಸಾಮಾನು ಹೇರುವಾಗ ಅವ್ವ ಅಳಲಿಲ್ಲ. ಹಗ್ಗ ಬಿಗಿಯಾಗಿದೆಯಾ, ಕೋಳಿಗೂಡು ಮೇಲಿದೆಯಾ ಎಂದು ಸುತ್ತ ತಿರುಗುತ್ತಿದ್ದರು. ಅತ್ತವನು ಅಣ್ಣ. ಖಾಲಿ ಕೊಟ್ಟಿಗೆಯಲ್ಲಿ ಗೂಟ ಹಿಡಿದುಕೊಂಡು ಅಳುತ್ತಿದ್ದ. ನಾನು ಕರೆಯಲು ಹೋದರೆ ಮುಖ ಒರೆಸಿಕೊಂಡು, "ಕೊರಿಯಾದಲ್ಲಿದ್ದಷ್ಟು ದಿನದಲ್ಲಿ ಗಾಯ ನೋಡದೇ ಇದ್ದ ದಿನ ಆ ರಜದ್ದೊಂದೇ ಕಣೆ ತಂಗಿ. ಅದಕ್ಕೇ ಅದನ್ನೇ ಹೇಳ್ತಿದ್ದೆ" ಎಂದ. ಮಾತು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಆಗ ನನಗೆ ಅನಿಸಿತು. ಈಗ ಹಾಗೆ ಅನಿಸುವುದಿಲ್ಲ.

ಹೊಸ ಜಾಗದಲ್ಲಿ ಮೊದಲೆರಡು ವರ್ಷ ಕಷ್ಟವೇ ಆಯಿತು. ಗದ್ದೆ ಕೈಕೊಟ್ಟಿತು, ಒಂದು ಎಮ್ಮೆ ಸತ್ತಿತು. ಮೆಣಸಿನ ಗಿಡ ಮಾತ್ರ ಅವ್ವ ಹೇಳಿದ ಹಾಗೆಯೇ ಬಂತು. ಜಾಗ ತೋರಿಸಿದ ಗೌಡರ ಮನೆಯ ಹೆಂಗಸು ಅವ್ವನಿಗೆ ಜೀವದ ಗೆಳತಿಯಾದಳು. ವರ್ಷಕ್ಕೊಂದು ಸಲ, ಬಿಸಿಲು ಹದವಾಗಿದ್ದ ದಿನ ನೋಡಿ, ಅವ್ವ ಕೊಡೆ ಹಿಡಿದು ಒಬ್ಬರೇ ತೀರ್ಥಹಳ್ಳಿಗೆ ಹೋಗಿ ಬರುತ್ತಿದ್ದರು. ಗೆಳತಿಯನ್ನೂ ಕರೆಯುತ್ತಿರಲಿಲ್ಲ. ಜಗಲಿಗೆ ಬರುವ ಹೊಸ ನೆರೆಯವರು ಅವ್ವನ ತೀರ್ಥಹಳ್ಳಿಯ ದಿನದ ಕತೆಯನ್ನೇ ಕೇಳುತ್ತಿದ್ದರು. ಅಣ್ಣ, "ಸಮುದ್ರ ದಾಟಿ ಹೋಗಿ ಬಂದೋನು ನಾನು. ಸೇತುವೆ ದಾಟಿದೋರಿಗೆ ಮರ್ಯಾದೆ" ಎಂದು ಗೊಣಗುತ್ತಿದ್ದ. ಗೊಣಗುತ್ತಲೇ ಎಲ್ಲರಿಗಿಂತ ಮುಂದೆ ಕೂತು ಕೇಳುತ್ತಿದ್ದವನೂ ಅವನೇ. ಇಬ್ಬರೂ ಈಗಿಲ್ಲ.

ಇಷ್ಟನ್ನು ಮೊಮ್ಮಗಳಿಗೆ ಹೇಳಿ ಮುಗಿಸುವಾಗ ಕಾಫಿಯ ಹೊತ್ತಾಗಿತ್ತು. ಅವಳು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದವಳು, "ಅಜ್ಜಿ, ನೀನು ಒಬ್ಬಳೇ ಎಲ್ಲಿಗೆ ಹೋಗಿದ್ದೆ?" ಎಂದಳು.

ಹೇಳಲು ಬಾಯಿ ತೆರೆದೆ. ಯೋಚಿಸಿದೆ. ಶಾಲೆಗೆ ಗಂಗಕ್ಕನ ಮಗಳ ಜೊತೆ. ಗಂಡನ ಮನೆಗೆ ಒಂದು ಬಸ್ಸು ದಿಬ್ಬಣದ ಜೊತೆ. ಹೆರಿಗೆಗೆ ಅತ್ತೆಯ ಜೊತೆ, ಕಣ್ಣಿನ ಆಪರೇಷನ್ನಿಗೆ ಮಗನ ಜೊತೆ. ತೀರ್ಥಹಳ್ಳಿಗಂತೂ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಬಸ್ಸು ಇಳಿದು ಮದುವೆ ಮನೆ, ಮದುವೆ ಮನೆಯಿಂದ ಬಸ್ಸು. ಸೇತುವೆಯ ಮೇಲೆ ಒಂದು ಸಲವೂ ನಡೆದಿಲ್ಲ. ಎಂಬತ್ತರ ಹತ್ತಿರ ಬಂದರೂ ನಾನೊಬ್ಬಳೇ ಒಂದು ಊರು ನೋಡಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ, ನೋಡಿ.

ನಿನ್ನೆ ಅಡುಗೆಮನೆಯಲ್ಲಿ ಒಬ್ಬಳೇ ಹೋಗಿಬರುವ ವಿಷಯ ಎತ್ತಿದೆ. ಸೊಸೆ ಸೌಟು ಕೆಳಗಿಟ್ಟಳು. ಮಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದ. ಕಾರಿನಲ್ಲಿ ಹೋದರೆ ನೀನೂ ಇರ್ತೀಯಲ್ಲ ಎಂದೆ. ಮೊಣಕಾಲು, ರಕ್ತದೊತ್ತಡ, ಬಿಸಿಲು, ಎಲ್ಲದರ ಹೆಸರೂ ಬಂತು. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಈ ಬೆಳಿಗ್ಗೆ ಮಗ ಸ್ನಾನಕ್ಕೆ ಹೋದಾಗ ಮೊಮ್ಮಗಳಿಗೊಬ್ಬಳಿಗೇ ಹೇಳಿ, ನೀರಿನ ಬಾಟಲಿ, ಮಾತ್ರೆ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ.

ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಕಂಡಕ್ಟರ್ ಬಂದು ನನ್ನ ಪಕ್ಕದ ಖಾಲಿ ಜಾಗ ನೋಡಿ, "ಅಜ್ಜಿ, ಜೊತೆಗೆ ಬಂದೋರು ಹಿಂದೆ ಕೂತಿದಾರಾ?" ಎಂದ.

"ಇಲ್ಲಪ್ಪ, ಒಬ್ಬಳೇ. ತೀರ್ಥಹಳ್ಳಿಗೆ" ಎಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಂತು. ಮುಂದಿನವರಿಬ್ಬರು ತಿರುಗಿ ನೋಡಿದರು.

ಬಸ್ಸು ಊರು ದಾಟುವಾಗ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮಗನೇ ಇರಬೇಕು. ಹೊಸನಗರ ಬರಲಿ, ಆಮೇಲೆ ಎತ್ತಿದರಾಯಿತು ಎಂದು ಕಿಟಕಿಯ ಗಾಜು ಪೂರ್ತಿ ಸರಿಸಿ ಕೂತೆ.